ಅಪ್‌ಡೇಟ್: ಲಸಿಕೆ ಹಾಕಿದರೂ ಕೋಳಿ ಸತ್ತ ವಿಷಯ

ಒಂದೂವರೆ ತಿಂಗಳ ಹಿಂದೆ ಗೋಳು ತೋಡಿಕೊಂಡಿದ್ದೆನಲ್ಲ, ಹಾಸನದ ಹತ್ತಿರದ ನಮ್ಮ ಮನೆಯಲ್ಲಿ ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಟ್ಟರೂ ನಾಟಿ ಕೋಳಿಗಳು ಅದೇ ರೋಗಕ್ಕೆ ಕತ್ತು ತಿರುಚಿಕೊಂಡು ಸಾಯುತ್ತಿವೆ ಎಂದು.

ಸೀಸೆ ಬದಲಾಯಿಸಿ ಎಂದವರ ಮಾತು ಕೇಳಿ ಹೊಸದನ್ನು ತಂದೆ; ದುಡ್ಡು ದಂಡ. ಬೆಳ್ಳುಳ್ಳಿ, ಅರಿಶಿನವೂ ಕೈಹಿಡಿಯಲಿಲ್ಲ. ಫಲ ಕೊಟ್ಟದ್ದು ‘ನಲ್ಲಿ ನೀರು ಬೇಡ’ ಎಂದ ಅಕ್ಕನವರ ಸಲಹೆ. ನಮ್ಮ ನಲ್ಲಿಯಲ್ಲಿ ಬರುವುದು ಕ್ಲೋರಿನ್ ಹಾಕಿದ ನೀರು! ಹೊಸ ಮರಿಗಳಿಗೆ ಬಾವಿಯ ನೀರಿಗೆ ಲೀಟರಿಗೆ 2 ಗ್ರಾಂನಂತೆ ಕೆನೆರಹಿತ ಹಾಲಿನ ಪುಡಿ ಕದಡಿ, ಆಮೇಲೆ ಲಸಿಕೆ ಬೆರೆಸಿದೆ. ಒಂದು ಗಂಟೆ ನೀರು ತಪ್ಪಿಸಿದ್ದರಿಂದ ಮುಗಿಬಿದ್ದು ಕುಡಿದವು, ಕೊಕ್ಕೆಲ್ಲ ಬೆಳ್ಳಗೆ. ಮೂರು ವಾರದ ಮೇಲೆ ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು: ರೋಗನಿರೋಧಕ ಶಕ್ತಿ ಚೆನ್ನಾಗಿ ಬಂದಿದೆ.

ನನಗೆ ಅಚ್ಚರಿಯಾದದ್ದು ಬೇರೆ. ಲಸೋಟಾ ಔಷಧಿಯಲ್ಲ, ಜೀವಂತ ವೈರಸ್. ಭ್ರೂಣವಿರುವ ಕೋಳಿಮೊಟ್ಟೆಯೊಳಗೆ ಬೆಳೆಸಿ ಒಣಗಿಸಿದ ಪುಡಿ. ಕ್ಲೋರಿನ್ ಸೋಂಕಿದರೆ ಸತ್ತೇಹೋಗುತ್ತದೆ. ಮಾರೆಕ್ಸ್ ಎಂಬ ಕೋಳಿಗಳ ಇನ್ನೊಂದು ವೈರಸ್ ರೋಗದ ಲಸಿಕೆಯದು ಇನ್ನೂ ನಾಜೂಕು: ಸಾಮಾನ್ಯವಾಗಿ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಆ ಕೋಶಗಳ ಸಮೇತ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರಂತೆ. ನಾನೋ, ಲಸೋಟಾ ಸೀಸೆಯನ್ನು ಅಂಗಿಯ ಜೇಬಿನಲ್ಲಿ ತಂದವನು. ಈಗ ಐಸ್ ತುಂಬಿದ ಫ್ಲಾಸ್ಕ್ ಇದೆ.