ಅಪ್‌ಡೇಟ್: ತಮ್ಮನ ಮೊಣಗಂಟಿಗೆ ಕೋಶ ಕಸಿ ಆಯಿತು

ಕಬಡ್ಡಿಯಲ್ಲಿ ತಮ್ಮನ ಮೊಣಗಂಟಿನ ಕಾರ್ಟಿಲೇಜ್ (ಗಂಟಿನೊಳಗೆ ಎಲುಬಿನ ತುದಿ ಮುಚ್ಚುವ ನುಣುಪು ಪದರ) ಕಿತ್ತುಹೋಗಿದೆ, ಕೋಶ ಕಸಿ ಮಾಡಿಸಬಹುದಾ ಅಂತ ಕುಂಬಳೆಯಿಂದ ಕೇಳಿದ್ದೆ ಅಲ್ವಾ? ಮಂಗಳೂರಿನಲ್ಲಿ ಮಾಡಿಸಿದೆವು.

ಆಪರೇಷನ್ ಎರಡು ಸಲ. ಮೊದಲು ಸಣ್ಣ ತೂತು ಮಾಡಿ, ಭಾರ ಬೀಳದ ಜಾಗದಿಂದ ಚೂರು ಕಾರ್ಟಿಲೇಜ್ ತೆಗೆದರು. ಲ್ಯಾಬಿನಲ್ಲಿ ಕೆಲವು ವಾರ ಅದರ ಕೋಶಗಳನ್ನು ಬೆಳೆಸಿ, ಆಮೇಲೆ ಗುಂಡಿ ಬಿದ್ದಲ್ಲಿ ತುಂಬಿದರು. ಹೊಸದೇನಲ್ಲ, ಸ್ವೀಡನ್ನಿನ ವೈದ್ಯರು 1994ರಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಗಂಟು ಸವೆದ ನಮ್ಮಮ್ಮನಿಗೂ ಈ ಕಸಿ ಆಗುತ್ತಾ ಅಂತ ಕೇಳಿದವರಿಗೆ: ಪೂರ್ತಿ ಸವೆದ ಗಂಟಿಗೆ ಇದು ಆಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಕಷ್ಟ ಜಾಸ್ತಿ ಇರುವುದು ಆಮೇಲೆ. ವಾರಗಟ್ಟಲೆ ಊರುಗೋಲು, ಫಿಸಿಯೋಥೆರಪಿ. ನಮ್ಮದೋ ಗುಡ್ಡೆ ಮನೆ, ಅಂಗಳಕ್ಕೆ ಮುರಕಲ್ಲಿನ ಮೆಟ್ಟಿಲು. ಇವನು ಜಗಲಿಯಲ್ಲೇ ಕೂತು ಅಡಿಕೆ ಸುಲಿಯುತ್ತಾನೆ. ಕಬಡ್ಡಿ ಮಾತ್ರ ಒಂದು ವರ್ಷವಾದರೂ ಬೇಡ ಅಂದಿದ್ದಾರೆ ಡಾಕ್ಟರು.