ಲಾಲ್‌ಬಾಗಿಗೆ ಅಪ್ಪನ್ನ ಕರ್ಕೊಂಡು ಹೊಂಟೀನಿ, ಯಾವಾಗ ಹೋದ್ರ ಚಲೋ?

ಕೇಳಿದವರು, ವಿಜಯಪುರ:
ಅಪ್ಪಗ 74, ಮೊಣಕಾಲು ನೋವು. ಒಮ್ಮೆ ಲಾಲ್‌ಬಾಗ್ ನೋಡಬೇಕಂತ ಹಟ ಹಿಡದಾರ. ಆಗಸ್ಟಿನ ಪುಷ್ಪ ಪ್ರದರ್ಶನಕ್ಕ ಹೋಗಲೋ, ಸಾದಾ ದಿನ ಹೋಗಲೋ? ಹೋಗಿ ಬಂದವರು ಹೇಳ್ರಿ.

ಮುದ್ದೇಬಿಹಾಳದವರು:
ಪ್ರದರ್ಶನಕ್ಕ ಬ್ಯಾಡ್ರಿ. ಆರು ಮಂದಿ ಗಾಡಿ ಮಾಡ್ಕೊಂಡು ಹೋಗಿದ್ವಿ. ಬಾಡಿಗಿ 19,000, ಟೋಲ್ ಬ್ಯಾರೆ, ಡ್ರೈವರ್ ಭತ್ತೆ ದಿನಕ್ಕ 500, ಲಾಡ್ಜಿಗೆ 4,200. ಆಗಸ್ಟ್ 15ರ ದಿನ ಗಾಜಿನಮನಿ ಮುಂದ ಒಂದೂವರಿ ತಾಸು ಪಾಳಿ, ಒಳಗ ಏಳು ನಿಮಿಷ. ನಮ್ಮವ್ವಗ ಮಂದಿ ಬೆನ್ನ ಬಿಟ್ಟು ಏನೂ ಕಾಣಲಿಲ್ಲ.

ಜಮಖಂಡಿ ಅಕ್ಕ:
ಅಣ್ಣಾರ, 15ಕ್ಕೇ ಹೋದದ್ದು ನಿಮ್ಮ ತಪ್ಪು. ನಾ ಬುಧವಾರ ಮುಂಜಾನೆ ಮೆಟ್ರೊಕ್ಕ ಹೋಗಿ ಆರಾಮ ನೋಡೀನಿ. 1889ರಾಗ ಅಡಿಗಲ್ಲು ಹಾಕಿದ ಗಾಜಿನಮನಿ ಅದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿ. ಅದರ ತುಂಬ ಹೂವು ಇದ್ದಾಗ ನೋಡೂದ ಬ್ಯಾರೆ. ನನ್ನ ಸಂಕಟ ಸಸಿದು. ಹೈಡ್ರೇಂಜಿಯಾ ಅನ್ನೂ ಹೂವಿನ ಗಿಡ ಎರಡು, 700 ರೂಪಾಯಿ. ರಾತ್ರಿಯಿಡೀ ರೈಲಿನಾಗ ತೊಡಿ ಮ್ಯಾಲ ಇಟ್ಕೊಂಡು ತಂದೆ. ತಿಂಗಳದಾಗ ಎಲಿ ಹಳದಿ, ನರ ಅಷ್ಟ ಹಸರು. ಮಾರ್ಚಿಗೆ ಕಡ್ಡಿ ಉಳೀತು.

ಇಂಡಿ ರೈತ:
ಎರಿ ಮಣ್ಣಾಗ ಇಟ್ಟಿರಬೇಕು. ನಮ್ಮ ಮಣ್ಣಾಗ ಸುಣ್ಣ ಭಾಳ, ಗಿಡಕ್ಕ ಕಬ್ಬಿಣ ಸಿಗೂದಿಲ್ಲ. ಅದಕ್ಕ ಹುಳಿ ಮಣ್ಣು, ತಂಪು ಹವಾ ಬೇಕು. ಟಿಪ್ಪು ಹಾಕಿದ ತೋಟ ನೋಡಾಕ ಹೋದವರು ಮರ ನೋಡಿ ಬರ್ರಿ, ಸಸಿ ಯಾಕ?

ಜಮಖಂಡಿ ಅಕ್ಕ:
ಕುಂಡದಾಗ ಕೆಂಪು ಮಣ್ಣ ಹಾಕಿದ್ದೆ! ಕೇಳದ ಹೇಳಬ್ಯಾಡ್ರಿ. ಇನ್ನ, ತೋಟ ಶುರು ಮಾಡಿದಾಂವ ಹೈದರ್ ಅಲಿ, 1760ರಾಗ. ಟಿಪ್ಪು ಮುಂದುವರಿಸಿದಾಂವ.

ಇಂಡಿ ರೈತ:
ದೂರದೂರದ ದೇಶದ ಸಸಿ ತರಿಸಿದ್ದು ಯಾರು? ಅದನ್ನೂ ಹೇಳ್ರಿ.

ಬಾಗಲಕೋಟಿಯವರು:
ಜಗಳ ಸಾಕು. ನಾ ಮೂರು ಸಲ ಹೋಗೀನಿ, ಮೂರೂ ಸಲ ಅಲ್ಲಿನ ಬಂಡೆಗಲ್ಲಿನ ಮ್ಯಾಲ ಕುಂತು ಬಂದೀನಿ. 300 ಕೋಟಿ ವರ್ಷದ ಕಲ್ಲದು, ಮ್ಯಾಲ ಕೆಂಪೇಗೌಡರ ಗೋಪುರ. ಸಂಜಿಗೆ ಅಂಗೈ ಇಟ್ರ ಬಿಸಲಿನ ಕಾವು ಇನ್ನೂ ಇರತೈತಿ. ಹೂವು ನಾಕ ದಿನದ್ದು.

ಮುದ್ದೇಬಿಹಾಳದವರು:
ಮೊಣಕಾಲು ನೋವಿನವರನ್ನ ಬಂಡೆಗಲ್ಲು ಹತ್ತಸ್ತೀರೇನ್ರಿ? ಅಷ್ಟು ರೊಕ್ಕ ಸುರಿಯೂದಕ್ಕಿಂತ ಆಲಮಟ್ಟಿಗೆ ಒಯ್ಯಲಿ. ರಾಕ್ ಗಾರ್ಡನ್ ಅದ, ಸಂಗೀತ ಕಾರಂಜಿ ಅದ, ಸಂಜಿಗೆ ಮನಿಗೆ ಬರಬಹುದು.

ಬಾಗಲಕೋಟಿಯವರು:
ಆಲಮಟ್ಟಿ ಹೆಸರು ನನ್ನ ಮುಂದ ತಗೀಬ್ಯಾಡ್ರಿ. ಆ ಹಿನ್ನೀರಾಗ ನಮ್ಮ ಹಳೇ ಮನಿ ಐತಿ, ಅಂಗಳದಾಗ ನಮ್ಮಜ್ಜ ಹಚ್ಚಿದ ಬೇವಿನ ಗಿಡ ಇತ್ತು. ಅಲ್ಲಿ ಕಾರಂಜಿ ನೋಡಾಕ ನನ್ನ ಕಾಲು ಏಳೂದಿಲ್ಲ.

ಮುದ್ದೇಬಿಹಾಳದವರು:
ನಮ್ಮ ಹೊಲಾನೂ ಹೋಗ್ಯಾವ್ರಿ. ಆದ್ರೂ ಹೋಗ್ತೀನಿ.