ಸಹಾಯ ಬೇಕು: ಓರೆಯಿಂದ ನೋಡಿದಾಗ ಮಾತ್ರ ಸರಿ ಕಾಣುವ ಮುಖ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡನ ಒಂದು ಚಿತ್ರ ಇದೆ. ವಿಲಿಯಂ ಸ್ಕ್ರಾಟ್ಸ್ 1546ರಲ್ಲಿ ಬರೆದದ್ದು. ಆಗ ಹುಡುಗನಿಗೆ 9 ವರ್ಷ. ಎದುರು ನಿಂತು ನೋಡಿದರೆ ಮುಖ ರಬ್ಬರಿನ ಹಾಗೆ ಅಡ್ಡಡ್ಡ ಎಳೆದಂತಿದೆ, ಮೂಗಂತೂ ಕೊಕ್ಕೇ ಸರಿ. ಆದರೆ ಬಲ ಅಂಚಿಗೆ ಹೋಗಿ, ಚೌಕಟ್ಟಿನಲ್ಲಿ ಕೊರೆದ ಕಚ್ಚಿನ ಹತ್ತಿರ ಕಣ್ಣಿಟ್ಟರೆ ಎಷ್ಟು ಮುದ್ದಾದ ಮುಖ! ಮೊಬೈಲಿನಲ್ಲಿ ಫೋಟೋ ತೆರೆದು ಓರೆ ಹಿಡಿದು ನೋಡಿ, ನಿಮಗೂ ಕಾಣುತ್ತದೆ.

ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಬೇಕು ಅಂತ ತುಂಬಾ ಆಸೆ. ಮಗಳ ಫೋಟೋ ಮೇಲೆ ಚೌಕ ಚೌಕ ಗೆರೆ ಹಾಕಿ, ಡ್ರಾಯಿಂಗ್ ಶೀಟಿಗೆ ಉದ್ದಕ್ಕೆ ಎಳೆದು ಬರೆದೆ. ಎಲ್ಲ ಮನೆಗಳನ್ನೂ ಒಂದೇ ಅಗಲ ಮಾಡಿದ್ದೇ ತಪ್ಪಾಯಿತು. ಕಣ್ಣಿಗೆ ಹತ್ತಿರದ ಕೆನ್ನೆ ಊದಿಕೊಂಡಿತು, ಆಚೆ ಕಿವಿ ಕುಗ್ಗಿಹೋಯಿತು.

ದೂರದ ಮನೆಗಳು ಜಾಸ್ತಿ ಅಗಲ, ಜಾಸ್ತಿ ಎತ್ತರ ಇರಬೇಕು, ಅಲ್ವಾ? ಅಡ್ಡಗೆರೆಗಳನ್ನು ಒಂದು ಬಿಂದುವಿನಿಂದ ಬೀಸಣಿಗೆಯ ಹಾಗೆ ಎಳೆಯಬೇಕು ಅನ್ನುವುದು ಗೊತ್ತಾಯಿತು. ಉದ್ದಗೆರೆಗಳದ್ದೇ ಕಷ್ಟ. ಕಣ್ಣು ಹಾಳೆಯಿಂದ 10 ಸೆಂ.ಮೀ. ಎತ್ತರದಲ್ಲಿದ್ದು, ಹಾಳೆ 1 ಮೀಟರ್ ಉದ್ದ ಇದ್ದರೆ, ಒಂದೊಂದು ಮನೆಯ ಅಗಲ ಎಷ್ಟು? ಗಣಿತದ ಮೇಷ್ಟ್ರುಗಳು, ಚಿತ್ರಕಲೆ ಓದಿದವರು ದಯವಿಟ್ಟು ಹೇಳಿಕೊಡಿ. ಒಂದು ಕೈಗೆರೆಯ ನಕ್ಷೆ ಬರೆದು ಹಾಕಿದರೂ ಸಾಕು. ಕಂಪ್ಯೂಟರ್ ಬೇಡ, ಮಕ್ಕಳು ಸ್ಕೇಲು, ದಾರ ಹಿಡಿದೇ ಮಾಡಬೇಕು.